ನಗರಸಭೆ ಫುಟ್‌ಬಾಲ್ ಗ್ರೌಂಡ್ ಸರಿ ಮಾಡ್ಸೋದು ಹೇಗೆ: ನೆಲದಿಂದ ಶುರು ಮಾಡಿ, ಗ್ಯಾಲರಿಯಿಂದ ಅಲ್ಲ

ಅಕ್ಟೋಬರಲ್ಲಿ ಒಂದು ಜೋರು ಮಳೆ ಬಂದು ಹೋದ ಮೂರನೇ ದಿನ ನಿಮ್ಮೂರಿನ ನಗರಸಭೆ ಗ್ರೌಂಡಿಗೆ ಒಂದು ರೌಂಡ್ ಹೋಗಿ ಬನ್ನಿ. ಗೋಲ್ ಪೋಸ್ಟ್ ಮುಂದೆ ಇನ್ನೂ ಎಮ್ಮೆ ಮಲಗೋ ಅಷ್ಟು ನೀರು ನಿಂತಿದ್ರೆ ಇದನ್ನ ಓದಿ, ಇಲ್ಲಾಂದ್ರೆ ನೀವು ಪುಣ್ಯವಂತರು, ಹೋಗಿ ಆಟ ಆಡ್ಕೊಳಿ.

ನಮ್ದು ಕೋಲಾರ ಜಿಲ್ಲೆಯ ಒಂದು ಊರು, ಹೆಸರು ಬೇಡ ಬಿಡಿ. ಕೆಜಿಎಫ್ ಗಾಳಿ ಬೀಸೋ ಕಡೆ ಆದ್ರಿಂದ ಕ್ರಿಕೆಟ್ ಎಷ್ಟೇ ಇದ್ರೂ ಫುಟ್‌ಬಾಲ್ ಹುಚ್ಚು ಪೂರ್ತಿ ಹೋಗಿಲ್ಲ, 2001ರಲ್ಲಿ ಗಣಿ ಮುಚ್ಚಿದ್ಮೇಲೂ ಆ ಕಡೆ ಹುಡುಗರು ಬೂಟ್ ಕಟ್ಟೋದು ಬಿಟ್ಟಿಲ್ಲ. ನಮ್ಮ ಗ್ರೌಂಡಿಗೆ ಕೆಲವು ವರ್ಷದ ಹಿಂದೆ ದುಡ್ಡು ಬಂತು. ಏನ್ ಮಾಡಿದ್ರು ಅಂದ್ರೆ ಒಂದು ಕಡೆ ಗ್ಯಾಲರಿ ಕಟ್ಟಿದ್ರು, ಮೇಲೆ ಶೀಟ್ ಹಾಕಿದ್ರು, ಗೇಟಿಗೆ ಕಮಾನು, ಕಮಾನಿಗೆ ಬಣ್ಣ, ಬಣ್ಣದ ಮೇಲೆ ಹೆಸರುಗಳು. ಆಡೋ ನೆಲಕ್ಕೆ ಹತ್ತಾರು ಟ್ರ್ಯಾಕ್ಟರ್ ಕೆಮ್ಮಣ್ಣು ಹೊಡ್ಸಿ ರೋಲರ್ ಓಡ್ಸಿ ಆಯ್ತು ಅಂದ್ರು. ಮೊದಲನೇ ಮಳೆಗೇ ಆ ಮಣ್ಣು ಕೆಸರು, ಜನವರಿಗೆ ಅದೇ ಕೆಸರು ಇಟ್ಟಿಗೆ. ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಅದೇ. ಎರಡನೇ ಸಲ ದುಡ್ಡು ಬಂದಾಗ ನಾವು ನಾಲ್ಕೈದು ಜನ ಹಳೇ ಆಟಗಾರರು ಬೆನ್ನು ಬಿದ್ವಿ, ಎಂಜಿನಿಯರ್ ಜೊತೆ ಕೂತ್ವಿ, ಸ್ವಲ್ಪ ಗೆದ್ವಿ ಸ್ವಲ್ಪ ಸೋತ್ವಿ. ಅದರಿಂದ ಕಲ್ತಿದ್ದು ಇಲ್ಲಿದೆ.

ಮೊದಲು ಕಾಗದ

ಜಾಗ ಯಾರದ್ದು ಅಂತ ಕಾಗದದಲ್ಲಿ ನೋಡಿ, ಬಾಯಲ್ಲಿ ಕೇಳ್ಬೇಡಿ. ಎಲ್ರೂ ನಗರಸಭೆದು ಅಂತಾರೆ, ಪಹಣಿ ತೆಗೆಸಿದ್ರೆ ಅರ್ಧ ಕ್ರೀಡಾ ಇಲಾಖೆದು, ಒಂದು ಮೂಲೆ ಸರ್ಕಾರಿ ಶಾಲೆದು, ಇನ್ನೊಂದು ಮೂಲೆ ಕೆರೆ ಅಂಗಳ ಅಂತ ಇರತ್ತೆ. ನಮ್ಮ ಕಡೆ ಕೆರೆ ಇಲ್ದೆ ಇರೋ ಊರಿಲ್ಲ, ಹಳೇ ಗ್ರೌಂಡುಗಳು ಎಷ್ಟೋ ಕೆರೆ ಹೊಟ್ಟೇಲೇ ಇರೋದು, ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮೇ ಸಂಪಂಗಿ ಕೆರೆ ಜಾಗದಲ್ಲಿ ನಿಂತಿರೋದು. ಇದು ಬರೀ ಕೋರ್ಟ್ ವಿಷಯ ಅಲ್ಲ. ಕೆರೆ ಅಂಗಳ ಆದ್ರೆ ಕೆಳಗೆ ಗೋಡು ಮಣ್ಣಿರತ್ತೆ, ನೀರು ಇಳಿಯಲ್ಲ, ರಾಜಕಾಲುವೆ ಪಕ್ಕದಲ್ಲೇ ಹೋಗ್ತಿರತ್ತೆ, ಖರ್ಚು ಬದಲಾಗತ್ತೆ. ಅದಕ್ಕೇ ಪಹಣಿ, ಖಾತೆ, ಸರ್ವೆ ಸ್ಕೆಚ್ ಮೂರೂ ಒಂದು ಫೈಲಲ್ಲಿ ಇಟ್ಕೊಳಿ. ಕೊಡಲ್ಲ ಅಂದ್ರೆ ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಲಿ ಒಂದೇ ವಿಷಯ, 150 ಪದ ದಾಟಬಾರದು, ಪುರಾಣ ಬರೀಬೇಡಿ, ವಾಪಸ್ ಬರತ್ತೆ. ಜೊತೆಗೆ 1985ರ ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆ ಕಾಯ್ದೆ ಒಂದಿದೆ ಅನ್ನೋದು ತಲೇಲಿರಲಿ, ಯಾರಾದ್ರೂ ರಸ್ತೆ ಕಡೆಗೆ ನಾಲ್ಕು ಅಂಗಡಿ ಮಳಿಗೆ ಕಟ್ಟಿದ್ರೆ ಆದಾಯ ಬರತ್ತೆ ಅಂತ ಶುರು ಮಾಡಿದಾಗ ಬೇಕಾಗತ್ತೆ. ಶುರು ಮಾಡೇ ಮಾಡ್ತಾರೆ.

ಆಮೇಲೆ ಕೌನ್ಸಿಲ್ ಸಾಮಾನ್ಯ ಸಭೆಲಿ ಇದು ಫುಟ್‌ಬಾಲ್ ಮೈದಾನ ಅಂತ ಒಂದು ಠರಾವು ಮಾಡ್ಸಿ. ಬರೀ ಕ್ರೀಡಾಂಗಣ ಅಭಿವೃದ್ಧಿ ಅಂತ ಠರಾವು ಆದ್ರೆ ಆ ಪದದೊಳಗೆ ಕಾರಂಜಿನೂ ಬರತ್ತೆ.

ಅಳತೆ ಮತ್ತು ದಿಕ್ಕು

ಆಟದ ನಿಯಮದ ಪ್ರಕಾರ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಒಳಗೆ ಎಷ್ಟಾದ್ರೂ ಇರ್ಬೋದು. ದೊಡ್ಡ ಮ್ಯಾಚುಗಳಿಗೆ 105ಕ್ಕೆ 68. ನಮ್ಮೂರಿಗೆ 100ಕ್ಕೆ 64 ಬೇಕಾದಷ್ಟಾಯ್ತು. ಯಾಕೆ ಹೇಳ್ತಿದೀನಿ ಅಂದ್ರೆ, ಪ್ಲಾನ್ ಬರೆಯೋರು ಸುತ್ತ 400 ಮೀಟರ್ ಓಟದ ಟ್ರ್ಯಾಕ್ ಹಾಕೇ ಹಾಕ್ತಾರೆ, ಒಳಗೆ 105ಕ್ಕೆ 68 ಅಂತ ಬರೆದ್ಬಿಡ್ತಾರೆ. ಟ್ರ್ಯಾಕಿನ ಒಳಗಿನ ತಿರುವಿನ ತ್ರಿಜ್ಯ 36.5 ಮೀಟರ್, ನೇರ ಭಾಗ 84.39 ಮೀಟರ್. ಲೆಕ್ಕ ಹಾಕಿ ನೋಡಿ, ಕಾರ್ನರ್ ಫ್ಲ್ಯಾಗ್ ಇರೋ ಜಾಗದಿಂದ ಟ್ರ್ಯಾಕಿನ ಅಂಚಿಗೆ ಒಂದು ಮೀಟರ್ ಕೂಡ ಉಳಿಯಲ್ಲ. ಕಾರ್ನರ್ ಕಿಕ್ ಹೊಡೆಯೋನು ಓಡಿ ಬರೋದೆಲ್ಲಿಂದ, ಸಿಂಥೆಟಿಕ್ ಟ್ರ್ಯಾಕ್ ಮೇಲೆ ಸ್ಟಡ್ ಹಾಕ್ಕೊಂಡಾ? 100ಕ್ಕೆ 64 ಮಾಡಿದ್ರೆ ಅದೇ ಮೂಲೇಲಿ ಮೂರೂವರೆ ಮೀಟರ್ ಸಿಗತ್ತೆ. ನಾವು ಇದನ್ನ ಸುಣ್ಣದ ಗೆರೆ ಎಳೆದು ತೋರಿಸಿದ್ಮೇಲೇ ಜೆಇ (ಜೂನಿಯರ್ ಎಂಜಿನಿಯರ್) ಸಾಹೇಬ್ರು ಡ್ರಾಯಿಂಗ್ ತಿದ್ದಿದ್ದು.

ಗೋಲುಗಳು ಉತ್ತರ ದಕ್ಷಿಣ ಇರಲಿ, ಇಲ್ಲಾಂದ್ರೆ ಸಂಜೆ ಐದರ ಮ್ಯಾಚಲ್ಲಿ ಒಬ್ಬ ಗೋಲಿ ಸೂರ್ಯನಿಗೆ ನಮಸ್ಕಾರ ಮಾಡ್ತಾ ನಿಲ್ಬೇಕು. ಗ್ಯಾಲರಿ ಕಟ್ಟೋದಾದ್ರೆ ಪಶ್ಚಿಮಕ್ಕೆ ಕಟ್ಟಿ, ಕೂತೋರ ಬೆನ್ನಿಗೆ ಬಿಸಿಲು ಬೀಳತ್ತೆ, ಕಣ್ಣಿಗಲ್ಲ.

ನೆಲ, ಅಂದ್ರೆ ನೀರು

ಇಲ್ಲಿ ನಿಧಾನಕ್ಕೆ ಓದಿ, ಎಲ್ಲಾ ತಪ್ಪೂ ಆಗೋದು ಇಲ್ಲೇ.

ಮಣ್ಣು ಹೆಂಗಿದೆ ಅಂತ ನೋಡೋಕೆ ಲ್ಯಾಬ್ ಬರೋ ತನಕ ಕಾಯ್ಬೇಡಿ. ಗ್ರೌಂಡಿನ ಐದಾರು ಕಡೆ ಒಂದಡಿ ಆಳ ಗುಂಡಿ ತೆಗೀರಿ, ಅಲ್ಲಿಯ ಒಂದು ಹಿಡಿ ಮಣ್ಣು ಗಾಜಿನ ಬಾಟಲಿಗೆ ಹಾಕಿ ನೀರು ತುಂಬಿ ಚೆನ್ನಾಗಿ ಕುಲುಕಿ ಇಟ್ಬಿಡಿ. ಮರಳು ಒಂದು ನಿಮಿಷದಲ್ಲಿ ತಳ ಸೇರತ್ತೆ, ಅದರ ಮೇಲೆ ನುಣ್ಣನೆ ಧೂಳು ಮಣ್ಣು, ಜೇಡಿ ಮಾತ್ರ ಮಾರನೇ ದಿನವೂ ನೀರನ್ನ ಟೀ ಬಣ್ಣ ಮಾಡ್ಕೊಂಡು ನಿಂತಿರತ್ತೆ. ಇನ್ನೊಂದು, ಅದೇ ಗುಂಡಿಗೆ ನೀರು ತುಂಬಿ ಇಂಗೋಕೆ ಬಿಡಿ, ಎರಡನೇ ಸಲ ತುಂಬಿ ಗಡಿಯಾರ ನೋಡಿ. ನಮ್ಮ ಗ್ರೌಂಡಲ್ಲಿ ಮಧ್ಯದ ಗುಂಡಿ ಮಧ್ಯಾಹ್ನ ಊಟ ಮಾಡಿ ಬರೋಷ್ಟರಲ್ಲಿ ಖಾಲಿ, ಗೋಲ್ ಮುಂದಿನ ಗುಂಡಿಲಿ ಮಾರನೇ ಬೆಳಿಗ್ಗೆ ಕೂಡ ಅರ್ಧ ನೀರಿತ್ತು, ಒಂದು ಕಪ್ಪೆ ಬೇರೆ ಬಂದು ಕೂತಿತ್ತು. ಆ ಜಾಗದಲ್ಲಿ ಇಪ್ಪತ್ತು ವರ್ಷ ಬೂಟು, ರೋಲರ್ರು, ರ‍್ಯಾಲಿ ಲಾರಿ ಎಲ್ಲಾ ತುಳಿದು ತುಳಿದು ಕೆಮ್ಮಣ್ಣು ಸಿಮೆಂಟ್ ಆಗಿತ್ತು.

ಆಮೇಲೆ ಲೆವೆಲ್. ಯಂತ್ರ ಇಲ್ಲಾಂದ್ರೂ ಪರವಾಗಿಲ್ಲ, ಗಾರೆ ಮೇಸ್ತ್ರಿ ಹತ್ರ ಇರೋ ಲೆವೆಲ್ ಪೈಪ್ ಸಾಕು, ಹತ್ತತ್ತು ಮೀಟರಿಗೆ ಗೂಟ ಹೊಡೆದು ಇಬ್ಬರು ಪೈಪ್ ಹಿಡ್ಕೊಂಡು ಒಂದು ಬೆಳಿಗ್ಗೆ ಅಳೆದ್ರೆ ಗ್ರೌಂಡಿನ ಜಾತಕ ಕೈಲಿರತ್ತೆ. ಬೇಕಾಗಿರೋದು ಗೋಲಿಂದ ಗೋಲಿಗೆ ಹೋಗೋ ಮಧ್ಯದ ಗೆರೆ ಸ್ವಲ್ಪ ಎತ್ತರ, ಎರಡು ಪಕ್ಕಕ್ಕೂ ಇಳಿಜಾರು, ನೂರಕ್ಕೆ ಅರ್ಧದಿಂದ ಒಂದು. ಅರ್ಧ ಅಂದ್ರೆ ಮಧ್ಯದಿಂದ ಟಚ್‌ಲೈನಿಗೆ 34 ಮೀಟರಲ್ಲಿ 17 ಸೆಂಟಿಮೀಟರ್, ಅಷ್ಟೇ, ಕಣ್ಣಿಗೆ ಕಾಣಲ್ಲ ಆದ್ರೆ ನೀರಿಗೆ ಗೊತ್ತಾಗತ್ತೆ.

ಕೆಳಗೆ ತೂತಿನ ಪೈಪ್ ಹಾಕ್ಬೇಕು. 100 ಮಿಲಿಮೀಟರ್ ಪೈಪ್, ಒಂದೂವರೆ ಎರಡು ಅಡಿ ಆಳದ ಕಾಲುವೆ, ಸುತ್ತ ಸಣ್ಣ ಜಲ್ಲಿ, ಐದು ಮೀಟರಿಗೊಂದು ಸಾಲು, ಎಲ್ಲಾ ಹೋಗಿ ಪಕ್ಕದ ದೊಡ್ಡ ಪೈಪಿಗೆ ಸೇರ್ಬೇಕು. 105ಕ್ಕೆ 68ರ ದೊಡ್ಡ ಗ್ರೌಂಡಿಗೆ ಹೀಗೆ ಲೆಕ್ಕ ಹಾಕಿದ್ರೆ 21 ಸಾಲು, ಒಂದೊಂದು 68 ಮೀಟರ್, ಒಟ್ಟು 1,400 ಮೀಟರಿಗೂ ಮೇಲೆ. ಈ ನಂಬರ್ ಬರೆದಿಟ್ಕೊಳಿ. ಎಸ್ಟಿಮೇಟಲ್ಲಿ ಪೈಪ್ 300 ಮೀಟರ್ ಅಂತಿದ್ರೆ ಅದು ಡ್ರೈನೇಜ್ ಅಲ್ಲ, ಫೋಟೋಗೆ ಹಾಕೋ ಪೈಪ್.

ಈಗ ನಾವು ಸೋತಿದ್ದು ಹೇಳ್ತೀನಿ. ಪೈಪ್ ಸರಿಯಾಗೇ ಹಾಕ್ಸಿದ್ವಿ, ಜಲ್ಲಿ ಸರಿ, ಇಳಿಜಾರು ಸರಿ, ಎಲ್ಲಾ ಮುಚ್ಚಿ ಹುಲ್ಲೂ ಬಂತು. ಮೊದಲ ದೊಡ್ಡ ಮಳೆ ದಿನ ನಾನು ಛತ್ರಿ ಹಿಡ್ಕೊಂಡು ಪೈಪ್ ಬಾಯಿ ಹತ್ರ ನಿಂತಿದ್ದೆ, ನೀರು ಹೊರಗೆ ಬೀಳೋದು ನೋಡೋಣ ಅಂತ ಒಂಥರಾ ಮದುವೆ ಮನೆ ಖುಷಿ. ನೀರು ಹೊರಗೆ ಬರ್ಲಿಲ್ಲ, ಒಳಗೆ ಹೋಗ್ತಿತ್ತು. ರಸ್ತೆ ಮೇಲೆ ರಸ್ತೆ ಹಾಕಿ ಹಾಕಿ ಚರಂಡಿನೂ ಎತ್ತರಿಸಿ ಕಟ್ಟಿದ್ರು, ಚರಂಡಿ ತಳ ನಮ್ಮ ಪೈಪಿಗಿಂತ ಒಂದು ಗೇಣು ಮೇಲಿತ್ತು. ಊರಿನ ಚರಂಡಿ ನೀರೆಲ್ಲ ನಮ್ಮ ಹೊಸ ಗ್ರೌಂಡಿನ ಹೊಟ್ಟೆಗೆ. ಅದಕ್ಕೇ ಹೇಳೋದು, ಪೈಪ್ ಎಲ್ಲಿಂದ ಶುರು ಅನ್ನೋದಕ್ಕಿಂತ ಎಲ್ಲಿ ಮುಗಿಯತ್ತೆ ಅಂತ ಮೊದಲು ಅಳೀರಿ. 50 ಮಿಲಿಮೀಟರ್ ಮಳೆ ಬಂದ್ರೆ 105ಕ್ಕೆ 68 ಜಾಗದ ಮೇಲೆ ಬೀಳೋದು ಮೂರೂವರೆ ಲಕ್ಷ ಲೀಟರಿಗೂ ಜಾಸ್ತಿ, ಅದಕ್ಕೊಂದು ದಾರಿ ಬೇಕಲ್ಲ. ನಾವು ಕೊನೆಗೆ ಮೂಲೇಲಿ ದೊಡ್ಡ ಇಂಗುಗುಂಡಿ ತೆಗೆಸಿ, ಕಲ್ಲು ಜಲ್ಲಿ ಮರಳು ಪದರ ಹಾಕಿ, ಪೈಪ್ ಬಾಯಿ ಆ ಕಡೆ ತಿರುಗಿಸಿದ್ವಿ. ಬೋರ್‌ವೆಲ್ಲು ಸಾವಿರ ಅಡಿ ಇಳಿದಿರೋ ಊರಲ್ಲಿ ಮಳೆ ನೀರು ಚರಂಡಿಗೆ ಬಿಡೋದೇ ತಪ್ಪು ಅಂತ ಆಮೇಲೆ ಅನ್ನಿಸ್ತು.

ಮೇಲಿನ ಪದರಕ್ಕೆ ಕೆಮ್ಮಣ್ಣು ಬೇಡ, ದಯವಿಟ್ಟು. ಹತ್ತಿಪ್ಪತ್ತು ಸೆಂಟಿಮೀಟರ್ ಮರಳು ಜಾಸ್ತಿ ಇರೋ ಮಿಶ್ರಣ, ಜೊತೆಗೆ ಚೆನ್ನಾಗಿ ಕಳಿತ ಗೊಬ್ಬರ ಸ್ವಲ್ಪ. ಹೊಳೆ ಮರಳು ಸಿಗಲ್ಲ, ಕಲ್ಲು ಪುಡಿ ಮಾಡಿ ತಯಾರಿಸೋ ಎಂ ಸ್ಯಾಂಡೇ ಗತಿ, ಆದ್ರೆ ಅದರಲ್ಲಿರೋ ಹಿಟ್ಟಿನಂಥ ಪುಡಿ ನೀರಿನ ದಾರಿನೆಲ್ಲ ಮುಚ್ಚತ್ತೆ, ತೊಳೆದ ಎಂ ಸ್ಯಾಂಡೇ ಬೇಕು ಅಂತ ಬರೆಸಿ. ಲೋಡ್ ಬಂದಾಗ ಅದೇ ಬಾಟಲಿ ಪರೀಕ್ಷೆ ಮಾಡಿ, ಲಾರಿ ಡ್ರೈವರ್ ನಗ್ತಾನೆ, ನಗಲಿ. ಈ ಪದರ 20 ಸೆಂಟಿಮೀಟರ್ ಆದ್ರೆ ಪೂರ್ತಿ ಗ್ರೌಂಡಿಗೆ 1,400 ಘನ ಮೀಟರ್ ಹತ್ರ ಹತ್ರ ಬೇಕು. ಗೇಟಲ್ಲಿ ಒಬ್ಬ ಹುಡುಗನ್ನ ಕೂರಿಸಿ ಲೋಡ್ ಎಣಿಸಿ, ಲಾರಿ ನಂಬರ್ ಬರೆಸಿ, ನಾವು ಎಣಿಸೋಕೆ ಶುರು ಮಾಡಿದ ದಿನದಿಂದ ಲೋಡ್ ಜಾಸ್ತಿ ಬರೋಕೆ ಶುರುವಾಯ್ತು.

ಹುಲ್ಲಾ, ಪ್ಲಾಸ್ಟಿಕ್ಕಾ

ಎಲ್ಲಾ ಊರಲ್ಲೂ ಈ ಜಗಳ ಇದ್ದೇ ಇರತ್ತೆ. ಸಿಂಥೆಟಿಕ್ ಟರ್ಫ್ ಕೆಟ್ಟದ್ದು ಅಂತ ನಾನು ಹೇಳಲ್ಲ, ಬೆಂಗಳೂರು ಎಫ್‌ಸಿ ಮೊದಲ ವರ್ಷ, 2013-14ರಲ್ಲಿ, ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂನ ಅಂಥದ್ದೇ ನೆಲದ ಮೇಲೆ ಆಡಿ ಐ ಲೀಗ್ ಗೆದ್ದಿದ್ದು. ದಿನಕ್ಕೆ ಎಂಟು ಗಂಟೆ ಆಡಿದ್ರೂ ತಡೆಯತ್ತೆ, ನೀರೂ ಕಮ್ಮಿ. ಆದ್ರೆ ಅದು ಎಂಟು ಹತ್ತು ವರ್ಷಕ್ಕೆ ಸವೆದು ಹೋಗತ್ತೆ, ಆಗ ಮತ್ತೆ ಕೋಟಿ ಲೆಕ್ಕದ ದುಡ್ಡು ಯಾವ ಕೌನ್ಸಿಲ್ ಕೊಡತ್ತೆ? ಏಪ್ರಿಲ್ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ಮುಟ್ಟತ್ತೆ, ಬರಿಗಾಲಲ್ಲಿ ಬರೋ ನಮ್ಮ ಹುಡುಗರಿಗೆ ಅದು ಕಾವಲಿ. ಮಧ್ಯೆ ತುಂಬೋ ರಬ್ಬರ್ ಕಾಳು ಮಳೇಲಿ ಚರಂಡಿಗೆ ಹೋಗತ್ತೆ, ಯೂರೋಪಿಯನ್ ಯೂನಿಯನ್ನೋರು 2023ರಲ್ಲೇ ಅದರ ಮಾರಾಟ ನಿಲ್ಲಿಸೋ ನಿಯಮ ತಂದು 8 ವರ್ಷ ಗಡುವು ಕೊಟ್ಟಿದಾರೆ. ಊರಿನ ಪಕ್ಕ ಚಿಕ್ಕದೊಂದು ಫೈವ್ಸ್ (ಐದೈದು ಜನ ಆಡೋ) ಕೋರ್ಟಿಗೆ ಬೇಕಾದ್ರೆ ಹಾಕ್ಸಿ. ದೊಡ್ಡ ಗ್ರೌಂಡಿಗೆ ನನ್ನ ಓಟು ಹುಲ್ಲಿಗೇ.

ಯಾವ ಹುಲ್ಲು ಅಂತ ತಲೆ ಕೆಡಿಸ್ಕೊಬೇಡಿ. ಬರ್ಮುಡಾ ಗ್ರಾಸ್ ಅಂತ ಕ್ಯಾಟಲಾಗಲ್ಲಿ ದೊಡ್ಡ ಹೆಸರಿಟ್ಟಿರೋದು ಗಣಪತಿಗೆ ಏರಿಸೋ ನಮ್ಮ ಗರಿಕೆನೇ. ಅದರದ್ದೇ ಹೈಬ್ರಿಡ್ ತಳಿ ಟಿಫ್‌ವೇ 419 ಸಿಕ್ಕಿದ್ರೆ ಒಳ್ಳೇದು, ದಟ್ಟವಾಗಿ ಹಬ್ಬತ್ತೆ, ಆದ್ರೆ ಬೀಜ ಕಟ್ಟಲ್ಲ, ಬೇರು ಸಮೇತ ಕಡ್ಡಿ ತಂದು ನೆಡ್ಬೇಕು. ಯಾರಾದ್ರೂ 419 ಬೀಜ ಅಂತ ಪ್ಯಾಕೆಟ್ ತೋರಿಸಿದ್ರೆ ನಮಸ್ಕಾರ ಹೇಳಿ ಕಳಿಸಿ. ನೆಡೋಕೆ ಮೇ ಕೊನೆ, ಜೂನ್ ಸರಿಯಾದ ಕಾಲ, ಎರಡು ಮೂರು ತಿಂಗಳು ಒಬ್ಬರೂ ಕಾಲಿಡಬಾರದು. ಡಿಸೆಂಬರಲ್ಲಿ ನೆಟ್ರೆ ನಮ್ಮ ಚಳಿಗೆ ಗರಿಕೆ ಮುದುರ್ಕೊಂಡು ಕೂರತ್ತೆ. ಅಂದ್ರೆ ಮಣ್ಣಿನ ಕೆಲಸ ಜನವರಿಯಿಂದ ಏಪ್ರಿಲ್ ಒಳಗೆ ಮುಗೀಬೇಕು. ಇದೇ ಕಷ್ಟ, ಮಾರ್ಚ್ ಬಂತು ಅಂದ್ರೆ ಎಲ್ರಿಗೂ ಬಿಲ್ ಪಾಸಾಗೋದೇ ಚಿಂತೆ, ಉರಿ ಬಿಸಿಲಲ್ಲಿ ಹುಲ್ಲು ನೆಟ್ಟು ಫೋಟೋ ಹೊಡೆದು ಹೋಗ್ತಾರೆ, ಹದಿನೈದು ದಿನಕ್ಕೆ ಅದು ಪೊರಕೆ ಕಡ್ಡಿ.

ನೀರಿನ ಲೆಕ್ಕ ಮೊದಲೇ ಮಾಡಿ. ಬೇಸಿಗೇಲಿ ದಿನಕ್ಕೆ 5 ಮಿಲಿಮೀಟರ್ ಅಂದ್ರೆ ಸುಮಾರು 36,000 ಲೀಟರ್, ಆರು ಸಾವಿರದ ಟ್ಯಾಂಕರ್ ಆರು, ದಿನಾ. ಕುಡಿಯೋ ನೀರಿಗೆ ಜನ ಕೊಡ ಹಿಡ್ಕೊಂಡು ನಿಂತಿರೋವಾಗ ನೀವು ಗ್ರೌಂಡಿಗೆ ಸ್ಪ್ರಿಂಕ್ಲರ್ ಬಿಟ್ರೆ ಕಲ್ಲು ಬೀಳತ್ತೆ, ಬೀಳ್ಬೇಕು ಕೂಡ. ಗ್ಯಾಲರಿ ಸೂರಿನ ಮಳೆ ನೀರು ಹಿಡಿದ್ರೆ ಸಾಕು ಅಂತಾರೆ, 500 ಚದರ ಮೀಟರ್ ಸೂರಿಗೆ ನಮ್ಮ ವರ್ಷದ ಏಳುನೂರು ಚಿಲ್ಲರೆ ಮಿಲಿಮೀಟರ್ ಮಳೆ ಪೂರ್ತಿ ಹಿಡಿದ್ರೂ ಹತ್ತು ದಿನದ ನೀರು. ಕೆ.ಸಿ. ವ್ಯಾಲಿ ನೀರಿದೆಯಲ್ಲ ಅಂತ ಇನ್ನೊಬ್ಬರು. ಅದು ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು, 2018ರಿಂದ ಕೆರೆ ತುಂಬಿಸಿ ಅಂತರ್ಜಲ ಏರಿಸೋಕೆ ಬರ್ತಿರೋದು, ಮೋಟಾರ್ ಇಟ್ಟು ಎಳ್ಕೊಳೋಕೆ ಅಲ್ಲ. ಉಳಿಯೋದು ನಿಮ್ಮೂರಿನದೇ ಒಳಚರಂಡಿ ಶುದ್ಧೀಕರಣ ಘಟಕ. ಇದ್ರೆ ಅಲ್ಲಿಂದ ನೀರು ತನ್ನಿ, ಕ್ಲೋರಿನ್ ಆಗಿದೆಯಾ ನೋಡಿ, ಯಾಕಂದ್ರೆ ಹುಡುಗರು ಮೊಣಕಾಲು ತರಚ್ಕೊಂಡು ಅದರ ಮೇಲೇ ಜಾರ್ತಾರೆ. ರಾತ್ರಿ ಬಿಡಿ, ಬೆಳಿಗ್ಗೆ ಹೊತ್ತಿಗೆ ನೆಲ ಒಣಗಿರ್ಬೇಕು. ದಿನಾ ಚಿಮುಕಿಸೋ ಬದಲು ಎರಡು ದಿನಕ್ಕೊಮ್ಮೆ ಚೆನ್ನಾಗಿ ಕುಡಿಸಿದ್ರೆ ಬೇರು ಕೆಳಗಿಳಿಯತ್ತೆ. ಗ್ರೌಂಡಿನ ಹಳೇ ಮಾಲಿ ಒಬ್ಬರು ಜೇಬಲ್ಲಿ ಈರುಳ್ಳಿ ಚಾಕು ಇಟ್ಕೊಂಡು ತಿರುಗೋರು, ಅಲ್ಲಲ್ಲಿ ಒಂದು ಚೌಕ ಕೊಯ್ದು ಎತ್ತಿ ಬೇರನ್ನ ಬೆರಳಿಗೆ ಹಿಡಿದು ನೋಡೋರು, ಎರಡು ಗೆಣ್ಣು ಇದ್ರೆ ತಲೆ ಆಡ್ಸಿ ಚೌಕನ ವಾಪಸ್ ಕೂರಿಸಿ ಕಾಲಲ್ಲಿ ಒತ್ತೋರು, ಒಂದೇ ಗೆಣ್ಣು ಇದ್ರೆ ನೀರು ಬಿಟ್ಟ ಹುಡುಗನಿಗೆ ತೆಲುಗಲ್ಲಿ ಮಂಗಳಾರತಿ.

ದುಡ್ಡು, ಟೆಂಡರ್

ಶಾಸಕರ ಸ್ಥಳೀಯ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ, ಆದ್ರೆ ಅದು ಇಡೀ ಕ್ಷೇತ್ರಕ್ಕೆ, ನಿಮಗೆ ಸಿಗೋದು ತುಣುಕು. ನರಸಾಪುರ, ವೇಮಗಲ್, ಮಾಲೂರು ಕಡೆ ಫ್ಯಾಕ್ಟರಿಗಳಿವೆ, ಅವರ ಸಿಎಸ್‌ಆರ್ (ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡೋ) ದುಡ್ಡಿಗೆ ಕ್ರೀಡಾ ತರಬೇತಿ ಒಂದು ಒಪ್ಪಿತ ಬಾಬ್ತು, ಬರೀ ಕಟ್ಟಡ ಕೇಳೋ ಬದಲು ಮಕ್ಕಳ ಕೋಚಿಂಗ್ ಜೊತೆ ಸೇರಿಸಿ ಕೇಳಿ. ಯಾವುದೇ ಮೂಲ ಆಗಲಿ ಕೆಲಸ ಎರಡು ಭಾಗ ಮಾಡ್ಸಿ, ನೆಲ ಮತ್ತು ಡ್ರೈನೇಜ್ ಮೊದಲ ಹಂತ, ಕಟ್ಟಡ ಎರಡನೇ ಹಂತ. ಒಂದೇ ಟೆಂಡರಲ್ಲಿ ಹಾಕಿದ್ರೆ ಸಿವಿಲ್ ಗುತ್ತಿಗೆದಾರ ಗ್ಯಾಲರಿಗೆ ಎಲ್ಲಾ ದುಡ್ಡು ಸುರಿದು ನೆಲಕ್ಕೆ ರೋಲರ್ ಹೊಡೀತಾನೆ, ನಮ್ಮೂರಲ್ಲಿ ಆಗಿದ್ದು ಅದೇ.

ಟೆಂಡರ್ ಷರತ್ತಲ್ಲಿ ಎರಡು ವಿಷಯ ಬರೆಸಿ. ಹಿಂದೆ ಹುಲ್ಲಿನ ಮೈದಾನ ಮಾಡಿರೋ ಅನುಭವ ಬೇಕು, ರಸ್ತೆ ಮಾಡಿರೋ ಅನುಭವ ಅಲ್ಲ. ಮತ್ತೆ ಒಂದು ಪೂರ್ತಿ ಮಳೆಗಾಲ ಮುಗಿಯೋ ತನಕ ಬಿಲ್ಲಲ್ಲಿ ಒಂದು ಪಾಲು ತಡೆ ಹಿಡೀಬೇಕು, ಅಷ್ಟರ ತನಕ ಹುಲ್ಲು ಕತ್ತರಿಸೋದು ನೀರು ಹಾಕೋದು ಗುತ್ತಿಗೆದಾರಂದೇ. 1999ರ ಪಾರದರ್ಶಕತೆ ಕಾಯ್ದೆಯಲ್ಲಿ ಟೆಂಡರ್ ಇಲ್ದೆ ಸರ್ಕಾರಿ ಸಂಸ್ಥೆಗೆ ನೇರ ಕೆಲಸ ಕೊಡೋ 4(ಜಿ) ವಿನಾಯಿತಿ ಅಂತ ಒಂದಿದೆ, ನಿಮ್ಮ ಕೆಲಸ ಆ ದಾರಿಲಿ ಹೋಗ್ತಿದ್ರೆ ಇನ್ನೂ ಜಾಸ್ತಿ ಕಣ್ಣಿಡಿ. ಪೈಪ್ ಮುಚ್ಚೋ ಮುಂಚೆ ಪ್ರತಿ ಸಾಲಿಗೂ ಟೇಪ್ ಹಿಡಿದು ಫೋಟೋ ತೆಗೀರಿ, ಎಂ.ಬಿ. ಪುಸ್ತಕದಲ್ಲಿ (ಎಂಜಿನಿಯರ್ ಕೆಲಸದ ಅಳತೆ ಬರೆಯೋ ಪುಸ್ತಕ) ಬರೆದಿರೋ ಅಳತೆ ಜೊತೆ ಹೊಂದಿಸಿ ನೋಡಿ. ಮಣ್ಣು ಮುಚ್ಚಿದ್ಮೇಲೆ ದೇವರಿಗೇ ಗೊತ್ತು.

ಲೈಟು, ಗ್ಯಾಲರಿ, ಡ್ರೆಸ್ಸಿಂಗ್ ರೂಮ್ ಬಗ್ಗೆ ಜಾಸ್ತಿ ಹೇಳಲ್ಲ. ಲೋಕಲ್ ಮ್ಯಾಚಿಗೆ 200 ಲಕ್ಸ್ (ಬೆಳಕಿನ ಅಳತೆ) ಸಾಕು, ಎಲ್‌ಇಡಿ ಹಾಕ್ಸಿ, ಬೆಸ್ಕಾಂ ಬಿಲ್ ಯಾರು ಕಟ್ಟೋದು ಅಂತ ಕಂಬ ನಿಲ್ಲಿಸೋ ಮುಂಚೆ ಬರವಣಿಗೇಲಿ ತಗೊಳಿ. ಶಿವನಸಮುದ್ರದಿಂದ 1902ರಲ್ಲೇ ನಮ್ಮ ಕೆಜಿಎಫ್‌ಗೆ ಕರೆಂಟ್ ಬಂತು, ನಮ್ಮ ಗ್ರೌಂಡಿನ ಮೂರನೇ ಕಂಬಕ್ಕೆ ಇನ್ನೂ ಬಂದಿಲ್ಲ. ಹುಡುಗೀರಿಗೆ ಬಾಗಿಲು ಚಿಲಕ ಇರೋ ಬೇರೆ ರೂಮು, ಶೌಚಾಲಯ ಮೊದಲ ದಿನದಿಂದಲೇ ಇರಲಿ, ಆಮೇಲೆ ಮಾಡೋಣ ಅಂದ್ರೆ ಅದು ಸ್ಟೋರ್ ರೂಮ್ ಆಗತ್ತೆ. ಗೋಲ್ ಪೋಸ್ಟ್ 7.32 ಮೀಟರ್ ಅಗಲ 2.44 ಎತ್ತರ, ಎತ್ತಿಡೋ ಥರದ್ದು ತಂದ್ರೆ ನೆಲಕ್ಕೆ ಕಟ್ಟಿಹಾಕೋ ಆಂಕರ್ ಇಲ್ದೆ ಒಂದು ಗಂಟೆನೂ ಬಿಡ್ಬೇಡಿ, ಮಕ್ಕಳು ಜೋತು ಬೀಳ್ತಾರೆ, ಅದು ಮೇಲೆ ಬೀಳತ್ತೆ.

ಆಮೇಲೆ ಶಾಮಿಯಾನ

ಗ್ರೌಂಡ್ ಹಾಳಾಗೋದು ಫುಟ್‌ಬಾಲಿಂದ ಅಲ್ಲ. ಆಗಸ್ಟ್ 15ರ ಪೆರೇಡು, ಪಟಾಕಿ ಅಂಗಡಿ, ಸಮಾವೇಶ, ಟೆನಿಸ್ ಬಾಲ್ ಟೂರ್ನಮೆಂಟ್ ಪಿಚ್, ಸ್ಕೂಟಿ ಕಲಿಯೋರು. ಒಂದು ಸಮಾವೇಶ ಆದ ಮಾರನೇ ದಿನ ಪೆನಾಲ್ಟಿ ಬಾಕ್ಸ್ ಒಂದರಲ್ಲೇ ನಾವು ಒಂದು ಬಕೆಟ್ ತುಂಬ ಶಾಮಿಯಾನ ಮೊಳೆ, ಕಬ್ಬಿಣದ ಗೂಟ ಆರಿಸಿದೀವಿ. ಪೂರ್ತಿ ನಿಲ್ಸೋಕಾಗಲ್ಲ, ಊರಿಗೆ ಇರೋದು ಒಂದೇ ಬಯಲು. ಹಾಗಾಗಿ ಗೋಲ್ ಹಿಂದೆ ಒಂದು ಕಡೆ ಕಲ್ಲು ಹಾಸಿದ ಜಾಗ ಬಿಡಿ, ವೇದಿಕೆ, ಲಾರಿ, ಜನರೇಟರ್ ಎಲ್ಲಾ ಅಲ್ಲೇ. ಹುಲ್ಲಿನ ಮೇಲೆ ಗೂಟ ಹೊಡೆಯಂಗಿಲ್ಲ, ಠೇವಣಿ ಇಡ್ಬೇಕು, ಹಾಳಾದ್ರೆ ಅದರಲ್ಲೇ ರಿಪೇರಿ ಅಂತ ಕೌನ್ಸಿಲ್ ಠರಾವು ಬೇಕು. ಠೇವಣಿ ಆಳೋರಿಗೂ ವಿರೋಧ ಪಕ್ಷದೋರಿಗೂ ಒಂದೇ ರೇಟು. ಬೆಳಗ್ಗೆ ವಾಕಿಂಗ್ ಬರೋ ಅಂಕಲ್ ಆಂಟಿಯರಿಗೆ ಬೇಲಿ ಆಚೆ ಎರಡು ಮೀಟರ್ ದಾರಿ ಮಾಡ್ಕೊಡಿ, ಅವರೇ ನಿಮ್ಮ ಕಾವಲು ನಾಯಿಗಳು, ತಪ್ಪು ತಿಳೀಬೇಡಿ, ಆರು ಗಂಟೆಗೆ ಯಾವನಾದ್ರೂ ಬೈಕ್ ಒಳಗೆ ತಂದ್ರೆ ಮೊದಲು ಕೂಗಾಡೋದು ಅವರೇ.

ಹುಲ್ಲನ್ನ ಎರಡೂವರೆ ಮೂರು ಸೆಂಟಿಮೀಟರಲ್ಲಿ ಇಟ್ಕೊಳಿ, ಬೆಳೆಯೋ ಕಾಲದಲ್ಲಿ ವಾರಕ್ಕೆ ಎರಡು ಸಲ ಕತ್ತರಿಸಿ, ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತೆಗೀಬೇಡಿ. ತಿಂಗಳಿಗೊಮ್ಮೆ ಗೋಲ್ ಮುಂದೆ ಮತ್ತೆ ಮಧ್ಯದ ಸರ್ಕಲಲ್ಲಿ ಕವೆಗೋಲು ಚುಚ್ಚಿ ನೆಲ ಸಡಿಲ ಮಾಡಿ, ತೂತಿಗೆ ಒಣ ಮರಳು ಗುಡಿಸಿ. ಆಟ ವಾರಕ್ಕೆ ಹದಿನೈದು ಗಂಟೆ ದಾಟಬಾರದು ಅನ್ನೋದು ನಾವು ಇಟ್ಕೊಂಡಿರೋ ಲೆಕ್ಕ, ಪ್ರಾಕ್ಟೀಸಿಗೆ ಗೋಲನ್ನ ಅಡ್ಡಡ್ಡ ಇಟ್ಟು ಜಾಗ ಬದಲಾಯಿಸ್ತೀವಿ. ಸೋಮವಾರ ಬೀಗ. ಬೀಗದ ಕೈ ಒಂದು ಮಾಲಿ ಹತ್ರ, ಒಂದು ನಗರಸಭೆ ಆಫೀಸಲ್ಲಿ, ಯಾರ್ ತಗೊಂಡ್ರು ಯಾವಾಗ ವಾಪಸ್ ಕೊಟ್ರು ಅಂತ ಬರೆಯೋಕೆ ನೂರು ಪುಟದ ನೋಟ್‌ಬುಕ್ಕೊಂದು ದಾರ ಕಟ್ಟಿ ಗೇಟ್ ಪಕ್ಕ ನೇತಾಕಿದೀವಿ, ಪೆನ್ನು ಮಾತ್ರ ವಾರಕ್ಕೊಂದು ಕಳುವಾಗತ್ತೆ.